ಬೊಗಳದ ಜಾತಿಯ ನಾಯಿ

ಮಿಲ್ಲಮ್ಮನಿಗೆ ಆ ಹೆಸರಿಟ್ಟವನು ಅಪಾರ್ಟ್‌ಮೆಂಟಿನ ವಾಚ್‌ಮನ್. ಮಗಳ ಮನೆಗೆ ಬಂದ ಮೊದಲ ದಿನವೇ ಅವಳು ಗೇಟಿನ ಹತ್ತಿರ ನಿಂತು, ತಾನು ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ಹರೆಯವನ್ನೆಲ್ಲ ಸವೆಸಿದವಳೆಂದು ಅವನಿಗೆ ಉದ್ದಕ್ಕೂ ವರದಿ ಒಪ್ಪಿಸಿದ್ದಳು. ಹೇಳಿದ್ದು ಅವನೊಬ್ಬನಿಗೆ, ಮೇಲಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕುತ್ತಿದ್ದವರೂ ಹೌದೌದೆಂದು ತಲೆಯಾಡಿಸಿದ್ದರು.

ಮಗ್ಗದ ಶೆಡ್ಡು ಎಂದರೆ ಅದೊಂದು ಬೇರೆ ಲೋಕ. ಸಾಲುಸಾಲು ಮಗ್ಗಗಳಲ್ಲಿ ನೂಲು ಹೊತ್ತ ಲಾಳಿಗಳು ಅತ್ತಿಂದಿತ್ತ, ಇತ್ತಿಂದತ್ತ ಹೊಡೆದುಕೊಳ್ಳುವ ಅಬ್ಬರದಲ್ಲಿ ಪಕ್ಕದಲ್ಲಿ ನಿಂತವಳು ಕಿರುಚಿಕೊಂಡರೂ ಕೇಳಿಸದು. ಹಾಗಾಗಿ ಅಲ್ಲಿ ಯಾರೂ ದನಿ ತೆಗೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಉಸಿರು ಬಿಡದೆ ತುಟಿಯನ್ನಷ್ಟೇ ಅಗಲವಾಗಿ ಆಡಿಸಿ, ಕೈಯಲ್ಲಿ ಒಂದೆರಡು ಸನ್ನೆ ಸೇರಿಸಿದರೆ ಮಾತು ಶೆಡ್ಡಿನ ಆ ತುದಿಗೆ ಮುಟ್ಟುತ್ತಿತ್ತು. ಮನೆಯ ಸುದ್ದಿ, ಮದುವೆಯ ಸುದ್ದಿ, ಸೂಪರ್‌ವೈಸರನ ಏಳು ತಲೆಮಾರಿನ ಜಾತಕ, ಎಲ್ಲವೂ ಅವನ ಮೂಗಿನ ಕೆಳಗೇ ಓಡಾಡುತ್ತಿದ್ದವು. ಅವನಿಗೆ ಮಾತ್ರ ಕೊನೆಯವರೆಗೂ ತುಟಿ ಓದಲು ಬರಲಿಲ್ಲ.

ಮಿಲ್ಲಮ್ಮನ ಗಂಡ ಅದೇ ಶೆಡ್ಡಿನಲ್ಲಿ ಫಿಟ್ಟರ್. ಪ್ರೀತಿಸಿದ್ದು, ಮುನಿದದ್ದು, ಮಗಳಿಗೆ ಹೆಸರಿಡುವಾಗ ಹಟ ಹಿಡಿದದ್ದು, ಎಲ್ಲ ಆ ತುಟಿಯ ಭಾಷೆಯಲ್ಲೇ. ಮನೆಯಲ್ಲೂ ಜಗಳವೆಂದರೆ ಅವರಿಬ್ಬರೂ ಎದುರುಬದುರು ನಿಂತು ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದರು. ಪಾತ್ರೆ ಎಸೆದರೆ ಮಾತ್ರ ಹೊರಗೆ ಕೇಳಿಸುತ್ತಿತ್ತು. ಅಕ್ಕಪಕ್ಕದವರು, "ಗಂಡ ಹೆಂಡ್ತಿ ಅಂದ್ರೆ ಹಿಂಗಿರಬೇಕು ನೋಡಿ, ಒಂದು ಮಾತಿಲ್ಲ ಕತೆಯಿಲ್ಲ!" ಎಂದು ತಮ್ಮ ಸೊಸೆಯರಿಗೆ ಬುದ್ಧಿ ಹೇಳುತ್ತಿದ್ದರಂತೆ.

ಗಂಡ ತೀರಿಕೊಂಡ. ಮಿಲ್ಲು ಮುಚ್ಚಿತು. ಅಷ್ಟು ಹೊತ್ತಿಗೆ ಮಗ್ಗಗಳು ಮಿಲ್ಲಮ್ಮನ ಎರಡೂ ಕಿವಿಗಳನ್ನು ತಿಂದು ತೇಗಿದ್ದವು. ಕಿವಿಗೆ ಯಂತ್ರ ಹಾಕಿಸಿದ್ದೂ ಆಯಿತು. "ಇದರೊಳಗೂ ಮಗ್ಗಾನೇ ಓಡ್ತಿದೆ" ಎಂದು ಅವಳು ಕಿತ್ತು ಡಬ್ಬಿಗೆ ಹಾಕಿದಳು.

ಆರನೇ ಮಹಡಿಯ ಮಗಳ ಮನೆ ಪುಟ್ಟದು. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಅಳಿಯ ಬಸ್ ಡ್ರೈವರ್. ಇಬ್ಬರೂ ಬೆಳಗ್ಗೆ ಹೊರಟರೆ ಸಂಜೆಯವರೆಗೆ ಮಿಲ್ಲಮ್ಮ, ಒಂದು ಕಿಟಕಿ, ಮುಚ್ಚಿದ ಬಾಗಿಲುಗಳ ಒಂದು ಉದ್ದನೆಯ ಕಾರಿಡಾರು. ಶೆಡ್ಡಿನಲ್ಲಿ ಒಂದೇ ನೋಟಕ್ಕೆ ಇಪ್ಪತ್ತು ತುಟಿ ಓದುತ್ತಿದ್ದವಳಿಗೆ ಇಲ್ಲಿ ದಿನವಿಡೀ ಓದಲು ಒಂದು ಬಾಯಿಯೂ ಸಿಗುತ್ತಿರಲಿಲ್ಲ.

ಒಂದು ಸಂಜೆ ಅವಳು ಒಳಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಮಾಡಿ ಬಟಾಣಿ ಸುಲಿಯುತ್ತ ಕುಳಿತಿದ್ದಳು. ಹೊರಗೆ ಮಗಳು ಬೆಲ್ಲು ಒತ್ತಿದಳು, ಬಾಗಿಲು ಬಡಿದಳು, ಅತ್ತಳು. ವಾಚ್‌ಮನ್ ಬಂದ, ಅಕ್ಕಪಕ್ಕದವರು ಬಂದರು. ಬಾಗಿಲು ಮುರಿಯಲು ಬಡಗಿಯೂ ಬಂದ. ಅವನು ಉಳಿ ಇಟ್ಟು ಹೊಡೆದ ಪೆಟ್ಟು ನೆಲದ ಮೂಲಕ ಮಿಲ್ಲಮ್ಮನ ಅಂಗಾಲಿಗೆ ತಾಕಿತು. ಅವಳು ಎದ್ದು ಬಾಗಿಲು ತೆರೆದು, "ಏನ್ರಪ್ಪಾ, ಎಲ್ಲಾ ಒಟ್ಟಿಗೆ ಬಂದ್ಬಿಟ್ರಿ? ಬಟಾಣಿ ಇಷ್ಟೇ ಇರೋದು" ಎಂದಳು.

ಅವತ್ತೇ ತೀರ್ಮಾನವಾಯಿತು: ಮನೆಗೊಂದು ನಾಯಿ ಬೇಕು. ಬೆಲ್ಲಾದರೆ ಅಮ್ಮನಿಗೆ ತಿಳಿಸುತ್ತದೆ, ಜೊತೆಗೂ ಇರುತ್ತದೆ.

ನಾಯಿ ತರುವುದೇನು ಸುಲಭವೇ? ಅಪಾರ್ಟ್‌ಮೆಂಟ್ ಸಂಘದ ನಿಯಮವಿತ್ತು. ಯಾವ ಜಾತಿ ಎಂದು ಮೊದಲೇ ತಿಳಿಸಬೇಕು. ಮೊದಲ ಕೆಲವು ತಿಂಗಳು ಪರೀಕ್ಷೆ. ಸದ್ದಿನ ದೂರು ಬಂದು, ಅದು ಭಾನುವಾರದ ಸಭೆಯಲ್ಲಿ ಗಟ್ಟಿಯಾದರೆ ನಾಯಿ ಬಂದ ದಾರಿಯಲ್ಲೇ ವಾಪಸ್ಸು.

ಅಳಿಯ ಬಸ್ಸಿನ ಪ್ರಯಾಣಿಕರನ್ನೆಲ್ಲ ವಿಚಾರಿಸಿಕೊಂಡು ಬರತೊಡಗಿದ. ಊಟಕ್ಕೆ ಕುಳಿತಾಗ ಅತ್ತೆಯ ಕಡೆ ಮುಖ ತಿರುಗಿಸಿ, ತುಟಿ ಬಿಡಿಸಿ ಹೇಳುತ್ತಿದ್ದ.

"ಪೊಮೇರಿಯನ್ ತಗೊಳ್ಳಿ ಅಂತಾರೆ ಅತ್ತೆ. ಮಡಿಲಲ್ಲೇ ಇರುತ್ತಂತೆ, ಜಾಗಾನೇ ಬೇಡ."

"ಅಯ್ಯೋ ಬೇಡ," ಎಂದಳು ಮಗಳು. "ನಮ್ಮ ಲ್ಯಾಬ್ ಮೇಡಂ ಮನೇಲಿದೆ. ಎದುರುಮನೆಯವರು ಸೀನಿದ್ರೂ ಬೊಗಳುತ್ತೆ."

"ಲ್ಯಾಬ್ರಡಾರ್?"

"ಅದು ಬಾಲ ಆಡಿಸಿದ್ರೆ ಟಿವಿ ಕೆಳಗೆ. ಕೂದಲು ಅನ್ನದ ತಟ್ಟೇಲಿ."

"ಬೀಗಲ್ ಮುದ್ದಾಗಿರುತ್ತೆ. ಆದ್ರೆ ಒಂಟಿ ಬಿಟ್ರೆ ಊಳಿಡುತ್ತಂತೆ. ಉದ್ದ ಬೆನ್ನಿನ ಡ್ಯಾಶುಂಡ್ ಇದೆಯಲ್ಲ, ಅದು ಸೋಫಾ ಹತ್ತಿ ಇಳಿದ್ರೆ ಸೊಂಟ ಉಳುಕುತ್ತಂತೆ. ಪಗ್ ಅಂತೂ ಗೊರಕೆ ಹೊಡೆಯುತ್ತಂತೆ, ಗೋಡೆ ಅದುರೋ ಹಂಗೆ."

"ಗೊರಕೆ ಬೇಡಪ್ಪ," ಎಂದಳು ಮಿಲ್ಲಮ್ಮ. "ಮನೇಲಿ ಒಬ್ಬರಿದ್ದಾರಂತಲ್ಲ."

ಅಳಿಯ ತಲೆ ತಗ್ಗಿಸಿ ಅನ್ನ ಕಲಸಿದ. ಮಗಳು ನಕ್ಕು ಕೆಮ್ಮಿದಳು.

ಕೊನೆಗೆ ಜನ ಬಿಟ್ಟುಹೋದ ನಾಯಿಗಳನ್ನು ಸಾಕುವ ಜಾಗವೊಂದಕ್ಕೆ ಮೂವರೂ ಹೋದರು. ತಗಡಿನ ಉದ್ದನೆಯ ಶೆಡ್ಡು. ಎರಡೂ ಬದಿಯ ಜಾಲರಿಗಳ ಹಿಂದೆ ನಾಯಿಗಳೆಲ್ಲ ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದವು. ಮಗಳೂ ಅಳಿಯನೂ ಕಿವಿ ಮುಚ್ಚಿಕೊಂಡರು. ಮಿಲ್ಲಮ್ಮ ಮಾತ್ರ ತವರಿಗೆ ಬಂದವಳ ಹಾಗೆ ನಡುವೆ ಆರಾಮಾಗಿ ನಡೆದುಹೋದಳು.

ತುದಿಯಲ್ಲೊಂದು ನಾಯಿ ಮಲಗಿತ್ತು. ಉದ್ದ ಮೂತಿ, ಉದ್ದ ಕಾಲು, ಹಿಡಿಯಷ್ಟು ಸೊಂಟ, ಬೂದಿ ಬಣ್ಣ. ಅದು ಮಾತ್ರ ಬಾಯಿ ತೆರೆದಿರಲಿಲ್ಲ.

"ಅದು ಗ್ರೇಹೌಂಡು," ಎಂದಳು ಅಲ್ಲಿನ ಹೆಂಗಸು. "ಓಟದ ನಾಯಿ. ಕಾಲು ನೋವು ಮಾಡ್ಕೊಂಡ ಮೇಲೆ ತಂದು ಬಿಟ್ಟುಹೋದ್ರು."

"ಕರು ಇದ್ದಂಗಿದೆಯಲ್ರೀ," ಅಳಿಯ ಗಾಬರಿಯಾದ. "ಓಟದ ನಾಯಿ ನಮ್ಮ ಹಾಲಲ್ಲಿ ಎಲ್ಲಿ ಓಡುತ್ತೆ?"

"ಎಲ್ಲರೂ ಹಂಗೇ ಅಂದ್ಕೊಳ್ಳೋದು. ಇದರಷ್ಟು ಸೋಮಾರಿ ಜಾತಿ ಇನ್ನೊಂದಿಲ್ಲ. ಬೆಳಗ್ಗೆ ಸಂಜೆ ಒಂದು ಸುತ್ತು ನಡೆಸಿ, ಮೆತ್ತಗೆ ಒಂದು ಹಾಸಿಗೆ ಕೊಡಿ, ದಿನವೆಲ್ಲ ಮಲಗಿರುತ್ತೆ. ಕೂದಲು ಉದುರೋದು ಕಮ್ಮಿ. ಬೊಗಳೋದಂತೂ ಇಲ್ಲವೇ ಇಲ್ಲ ಅನ್ನಿ. ಫ್ಲಾಟಿಗೆ ಹೇಳಿ ಮಾಡಿಸಿದ ಜಾತಿ."

ಮಗಳು ಇದನ್ನು ಅಮ್ಮನಿಗೆ ತುಟಿಯಲ್ಲಿ ದಾಟಿಸಿದಳು. "ಬೊಗಳಲ್ವಂತೆ ಅಮ್ಮ."

"ನನ್ನ ಪಾಲಿಗೆ ಊರಿನ ನಾಯಿಗಳೆಲ್ಲ ಬೊಗಳದ ಜಾತಿಯೇ ಕಣೆ," ಎಂದು ಮಿಲ್ಲಮ್ಮ ಜಾಲರಿಯೊಳಗೆ ಕೈ ಹಾಕಿ, ನಾಯಿಯ ಕೊರಳಿನ ಮೇಲೆ ಅಂಗೈ ಇಟ್ಟಳು. ಮಗ್ಗ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ಚೌಕಟ್ಟಿನ ಮೇಲೆ ಕೈಯಿಟ್ಟು ನೋಡಿದವಳು ಅವಳು. ಕೊರಳು ಬೆಚ್ಚಗಿತ್ತು, ನಿಶ್ಚಲವಾಗಿತ್ತು. "ಲಾಳಿ ಇದ್ದಂಗಿದ್ದಾಳೆ. ಎರಡೂ ಕಡೆ ಚೂಪು, ನಡುವೆ ನಯ. ಇವಳೇ ಇರಲಿ."

ಹಾಗೆ ಲಾಳಿ ಮನೆಗೆ ಬಂದಳು.

ಅವಳು ಜಾತಿಗೆ ತಕ್ಕ ಹಾಗೇ ಇದ್ದಳು. ಸೋಫಾದ ಪಕ್ಕ ನಾಲ್ಕೂ ಕಾಲು ಚೆಲ್ಲಿ ಮಲಗುತ್ತಿದ್ದಳು. ಬೆಲ್ಲಾದರೆ ಬೊಗಳದೆ ಎದ್ದು ಬಂದು ಮಿಲ್ಲಮ್ಮನ ಮಂಡಿಗೆ ಮೈಯನ್ನು ಪೂರ್ತಿ ಒರಗಿಸಿ ನಿಲ್ಲುತ್ತಿದ್ದಳು. ಇದನ್ನು ಯಾರೂ ಕಲಿಸಿರಲಿಲ್ಲ. ಬೇಕಾದದ್ದಕ್ಕೆಲ್ಲ ಒರಗಿ ನಿಲ್ಲುವುದು ಅವಳ ರೀತಿ. ಬಾಗಿಲು ತೆರೆದುಕೊಳ್ಳತೊಡಗಿತು. ಮಗಳ ಮುಖದಲ್ಲಿ ಕಳೆ ಬಂತು.

ಮೊದಮೊದಲು ಮಿಲ್ಲಮ್ಮ ಲಾಳಿಯ ಜೊತೆ ಶೆಡ್ಡಿನ ಭಾಷೆಯಲ್ಲೇ ಮಾತಿಗೆ ಶುರುಮಾಡಿದಳು. ಲಾಳಿ ಕತ್ತು ಓರೆ ಮಾಡಿ ನೋಡಿ, ಏನೂ ತಿಳಿಯದೆ ಮತ್ತೆ ಮಲಗಿದಳು. "ಸೂಪರ್‌ವೈಸರ್ ಜಾತಿ ನೀನು" ಎಂದು ಬೈದು ಮಿಲ್ಲಮ್ಮ ದನಿ ತೆಗೆದು ಕರೆದಳು. ಮಡಚಿದ ಕಿವಿಗಳೆರಡೂ ನೆಟ್ಟಗಾದವು, ಬಾಲ ನೆಲಕ್ಕೆ ಬಡಿಯಿತು. ತನ್ನ ದನಿಗೆ ಇಷ್ಟು ಬೆಲೆ ಸಿಕ್ಕಿದ್ದನ್ನು ಅವಳು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಅಲ್ಲಿಂದ ಮಾತಿಗೆ ಬಿಡುವೇ ಇಲ್ಲ. ಬೆಳಗ್ಗೆ ಮಗಳು ಅಳಿಯ ಲಿಫ್ಟು ಇಳಿದರೆಂದರೆ ಶುರು. ಗಂಡನ ಕತೆ, ಮಿಲ್ಲಿನ ಕತೆ, ಮಂಡಿನೋವಿನ ಕತೆ. ಲಾಳಿ ಕಣ್ಣು ಮುಚ್ಚಿ ಮಲಗಿದ್ದರೂ ಒಂದು ಕಿವಿ ಮಾತ್ರ ಮಾತಿನ ಜೊತೆಗೇ ತಿರುಗುತ್ತಿತ್ತು. ಮಿಲ್ಲಮ್ಮ ಆ ಕಿವಿಯನ್ನು ನೋಡಿಕೊಂಡೇ ಮಾತಾಡುತ್ತಿದ್ದಳು.

ಕೆಲವು ವಾರಗಳಾದವು. ಒಂದು ಸಂಜೆ ಮಗಳು ಚಪ್ಪಲಿ ಬಿಡದೆ ನಿಂತು, "ಅಮ್ಮ, ನಾಯಿ ಗಲಾಟೆ ಅಂತ ದೂರು ಬಂದಿದೆ," ಎಂದಳು.

"ಯಾವ ನಾಯಿ?"

"ನಮ್ಮದೇ."

ಮಿಲ್ಲಮ್ಮನಿಗೆ ಮೈಯೆಲ್ಲ ಉರಿಯಿತು. "ಬಾಯಿಲ್ಲದ ಪ್ರಾಣಿ ಮೇಲೆ ಅಪವಾದ ಹೊರಿಸ್ತಾರಲ್ಲ! ಯಾರವರು? ನನ್ನ ಎದುರಿಗೆ ಬಂದು ಹೇಳಲಿ!" ಎಂದು ಕಾರಿಡಾರಿಗೆ ಹೋಗಿ ನಿಂತು ಕೂಗಿದಳು. ಎರಡು ಬಾಗಿಲು ಸ್ವಲ್ಪ ತೆರೆದು ಮುಚ್ಚಿಕೊಂಡವು. ಮಗಳು ಅವಳ ತೋಳು ಹಿಡಿದು ಒಳಗೆ ಕರೆತಂದಳು. ಮಗಳ ಮುಖದಲ್ಲಿ ಏನೋ ಇತ್ತು, ಆದರೆ ತುಟಿ ಆಡಲಿಲ್ಲ. ಹುಟ್ಟಿದಾಗಿನಿಂದ ಈ ಗಂಟಲಿಗೆ ಒಗ್ಗಿಹೋದ ಮಗಳು, ಅದನ್ನು ಅಪರಿಚಿತರ ಕಿವಿಯಿಂದ ಕೇಳಿಸಿಕೊಂಡದ್ದು ಬಹುಶಃ ಆವತ್ತೇ ಮೊದಲು.

ಭಾನುವಾರ ಸಭೆ. ನೆಲಮಹಡಿಯ ಸಭಾಂಗಣಕ್ಕೆ ಹೂದೋಟದ ಕಡೆ ಪೂರ್ತಿ ಗಾಜಿನ ಗೋಡೆ. "ನೀನು ಲಾಳಿ ಜೊತೆ ಹೊರಗೇ ಕೂತಿರು," ಎಂದು ಮಗಳು ಅವಳನ್ನು ತೋಟದ ಬೆಂಚಿನಲ್ಲಿ ಕೂರಿಸಿ, ಒಳಗೆ ಹೋಗಿ ಬೇಕೆಂದೇ ಗಾಜಿಗೆ ಬೆನ್ನು ಮಾಡಿ ಕುಳಿತಳು. ಅಮ್ಮನ ಕಣ್ಣು ಎಂಥದ್ದೆಂದು ಅವಳಿಗೆ ಗೊತ್ತು. ಆದರೆ ದೂರು ಕೊಟ್ಟವನು ಗಾಜಿನತ್ತಲೇ ಮುಖ ಮಾಡಿ ಕೂರುತ್ತಾನೆಂದು ಅವಳಿಗೇನು ಗೊತ್ತು?

ಅವನು ಕೆಳಮನೆಯ ಬೇಕರಿಯವನು. ಸಂಜೆ ಹೋದರೆ ಬೆಳಗಿನ ತನಕ ಒಲೆಯ ಮುಂದೆ ನಿಂತು ಬ್ರೆಡ್ಡು ಬೇಯಿಸಿ, ಊರಿಗೆಲ್ಲ ಬೆಳಗಾದಾಗ ಮಲಗಲು ಬರುವವನು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

ಗಾಜಿನಾಚೆ ಅವನ ತುಟಿ ಆಡಿತು. ಮಿಲ್ಲಮ್ಮನ ಕಣ್ಣು ತಾನಾಗಿಯೇ ಓದಿತು.

"ನಾಯಿ ಬಂದ್ಮೇಲಿನ ಗಲಾಟೆ ಅಂತ ಬರೆದಿದ್ದೆ, ಆದ್ರೆ ದನಿ ನಾಯಿದಲ್ಲ ರೀ. ನಾಯಿ ಪಾಪ, ಉಸಿರೇ ಎತ್ತಲ್ಲ. ಅಜ್ಜಿ ದನಿ. ನಾಯಿ ಬರೋ ಮುಂಚೆ ಸದ್ದೇ ಇರಲಿಲ್ಲ. ಈಗ ಬೆಳಗ್ಗೆಯಿಂದ ಸಂಜೆವರೆಗೂ ಅದರ ಹತ್ರ ಮಾತು. ಕಿಟಕಿ ಮುಚ್ಚಿದ್ರೂ ಪೈಪಿನ ಸಂದಿಯಿಂದ ಬರುತ್ತೆ. ನಾನು ಒಲೆ ಮುಂದೆ ತೂಕಡಿಸಿ ಕೈ ಸುಟ್ಕೊಂಡಿದ್ದೀನಿ, ನೋಡಿ."

ಅವನು ಮುಂಗೈಯ ಪಟ್ಟಿ ತೋರಿಸಿದ. ಕಾರ್ಯದರ್ಶಿ ಏನೋ ಕೇಳಿದಂತಿತ್ತು.

"ಏನ್ ಮಾತಾಡ್ತಾರೆ ಅಂದ್ರೆ? ಎಲ್ಲಾನೂ! ಅಳಿಯನ ಸಾಕ್ಸು ಬಾಲ್ಕನೀಲಿಟ್ರೆ ಗಿಡ ಬಾಡುತ್ತೆ ಅನ್ನೋದೂ ನನಗೆ ಗೊತ್ತು." ಯಾರೋ ನಕ್ಕರು. ಅವನು ನಗಲಿಲ್ಲ. "'ಮಗಳ ಮನೆ ಬಸ್‌ಸ್ಟ್ಯಾಂಡ್ ಇದ್ದಂಗೆ ಕಣೆ ಲಾಳಿ, ಎಲ್ಲಾ ಚೆನ್ನಾಗಿದೆ, ಬೆಂಚೂ ಇದೆ, ನನ್ನ ಬಸ್ ಮಾತ್ರ ಬರ್ತಿಲ್ಲ' ಅಂತಾರೆ. ಇಂಥದ್ದೆಲ್ಲ ಕೇಳ್ತಾ ಹೆಂಗ್ರೀ ಮಲಗೋದು?"

ಮಗಳ ಬೆನ್ನು ಕುಸಿದದ್ದು ಗಾಜಿನ ಈಚೆಗೂ ಕಂಡಿತು. ಅಳಿಯ ಪಕ್ಕಕ್ಕೆ ತಿರುಗಿ ಏನೋ ಹೇಳುತ್ತಿದ್ದ; ಅವನ ಅರ್ಧ ಬಾಯಿ ಸಾಕಾಯಿತು.

"ಅತ್ತೆಗೆ ಮಾತ್ರ ಹೇಳಬೇಡಿ. ತಿಳಿದ್ರೆ ಮತ್ತೆ ಬಾಯೇ ತೆರೆಯಲ್ಲ ಅವರು. ನಾಯೀದೇ ತಪ್ಪು ಅಂತ ಹೇಳಿ ವಾಪಸ್ ಕಳಿಸ್ತೀವಿ. ಒಂದು ತಿಂಗಳು ಟೈಮ್ ಕೊಡಿ."

ಮಿಲ್ಲಮ್ಮ ಬೆಂಚಿನ ಅಂಚು ಹಿಡಿದುಕೊಂಡಳು. ಲಾಳಿ ಅವಳ ಮಂಡಿಗೆ ಒರಗಿದಳು.

ಮಗಳು ಹೊರಗೆ ಬಂದು, ನಗುವನ್ನು ಮುಖಕ್ಕೆ ಅಂಟಿಸಿಕೊಂಡು, "ಇನ್ನೊಂದು ತಿಂಗಳು ನೋಡ್ತಾರಂತೆ ಅಮ್ಮ," ಎಂದಳು. ಮಿಲ್ಲಮ್ಮ ತಲೆಯಾಡಿಸಿದಳು.

ಮಾರನೆಯ ಬೆಳಗಿನಿಂದ ಅವಳು ಶೆಡ್ಡಿಗೆ ಮರಳಿದಳು. ದನಿ ಬಂದ್. ಲಾಳಿ ಎದ್ದು ಬಂದರೆ ತುಟಿಯಾಡಿಸಿದಳು, ಕೈ ಸನ್ನೆ ಮಾಡಿದಳು. ಊಟಕ್ಕೆ ಹೀಗೆ, ನೀರಿಗೆ ಹೀಗೆ, ಬಾ ಎನ್ನಲು ಹೀಗೆ. ಸನ್ನೆಗಳನ್ನು ಲಾಳಿ ಬೇಗ ಕಲಿತಳು. ಮಾತು ನಿಂತದ್ದನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಹತ್ತಿರ ಬಂದು ಮೂತಿಯಿಂದ ಮಿಲ್ಲಮ್ಮನ ಬಾಯಿಯನ್ನೇ ತಿವಿಯುತ್ತಿದ್ದಳು. ಕೆಟ್ಟುನಿಂತ ನಲ್ಲಿಯನ್ನು ತಟ್ಟಿ ನೋಡುವವರ ಹಾಗೆ. ಮಿಲ್ಲಮ್ಮ ತುಟಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದಳು. "ಇದೆಲ್ಲ ನಿನಗೋಸ್ಕರಾನೇ ಕಣೆ ಕತ್ತೆ" ಎಂದು ತುಟಿಯಲ್ಲೇ ಹೇಳಿದರೆ ಅದು ಗೋಡೆಗೆ ಹೇಳಿದ ಹಾಗೆ.

ದಿನಗಳು ಹೋದವು. ದೂರು ಬರಲಿಲ್ಲ. ಗೆದ್ದೆ ಎಂದುಕೊಂಡಳು.

ಒಂದು ಮಧ್ಯಾಹ್ನ ಅಡುಗೆಮನೆಯಿಂದ ಹಾಲಿಗೆ ಬಂದವಳು ಅಲ್ಲೇ ನಿಂತಳು. ಲಾಳಿ ಹಾಲಿನ ನಡುವೆ ನಿಂತು, ಉದ್ದ ಕತ್ತನ್ನು ಸೂರಿಗೆ ಎತ್ತಿದ್ದಳು. ಬಾಯಿ ಬೊಗಳುವ ನಾಯಿಯ ಬಾಯಿಯಂತಿರಲಿಲ್ಲ. ತುಟಿಗಳೆರಡೂ ಮುಂದೆ ಬಂದು ದುಂಡಗಾಗಿದ್ದವು. ಮಿಲ್ಲಮ್ಮ ಜೀವಮಾನವಿಡೀ ಬಾಯಿಗಳನ್ನು ಓದಿದವಳು. ಈ ಬಾಯಿ ಊಳಿಡುತ್ತಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಓಡಿಹೋಗಿ ಕೊರಳಿನ ಮೇಲೆ ಅಂಗೈ ಇಟ್ಟಳು. ಕೊರಳು ಮಗ್ಗದ ಹಾಗೆ ಅದುರುತ್ತಿತ್ತು.

ಎಷ್ಟು ಹೊತ್ತಿನಿಂದ? ಎಷ್ಟು ದಿನದಿಂದ? ಬೆನ್ನ ಹಿಂದೆ ನಡೆದದ್ದು ಅವಳಿಗೆ ಹೇಗೆ ತಿಳಿಯಬೇಕು?

"ಲಾಳಿ! ಸುಮ್ನಿರೇ ಲಾಳಿ!"

ದನಿ ಬಂದದ್ದೇ ತಡ, ಅದುರುವುದು ನಿಂತಿತು. ಕಿವಿ ನೆಟ್ಟಗಾಯಿತು, ಬಾಲ ಬಡಿಯಿತು. ಮಿಲ್ಲಮ್ಮ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಕೆಳಗೆ ಕೈ ಸುಟ್ಟುಕೊಂಡವನು ಮಲಗಿದ್ದ. ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಕತ್ತು ಮತ್ತೆ ಮೇಲಕ್ಕೆದ್ದಿತು, ತುಟಿ ಮತ್ತೆ ದುಂಡಗಾಯಿತು.

ಸಂಜೆ ಮಗಳು ಬಂದಾಗ ಅಮ್ಮ ನೆಲದ ಮೇಲೆ ಕುಳಿತು, ಒಂದು ಕೈ ನಾಯಿಯ ಕೊರಳ ಮೇಲೆ, ಒಂದು ಕೈ ತನ್ನ ಗಂಟಲ ಮೇಲೆ ಇಟ್ಟುಕೊಂಡಿದ್ದಳು.

"ನನಗೆ ಗೊತ್ತು ಕಣೆ," ಎಂದಳು. "ಆವತ್ತೇ ಗಾಜಿನಾಚೆ ಕಂಡೆ. ಬಸ್‌ಸ್ಟ್ಯಾಂಡ್ ಮಾತನ್ನ ನೀನು ಮನಸ್ಸಿಗೆ ಹಚ್ಕೋಬೇಡ. ಏನೋ ನಾಯಿ ಹತ್ರ ಆಡಿದ್ದು."

ಮಗಳು ಬ್ಯಾಗನ್ನು ಕೆಳಗಿಟ್ಟು ಅಲ್ಲೇ ನೆಲಕ್ಕೆ ಕುಳಿತಳು.

"ಬಾ, ಎದುರಿಗೆ ಕೂತ್ಕೋ," ಎಂದಳು ಮಿಲ್ಲಮ್ಮ. "ನಾನು ಮೆಲ್ಲಗೆ ಮಾತಾಡೋದು ಕಲೀತೀನಿ. ಕೈಯಲ್ಲಿ ಹೇಳು, ಏರಿಸಬೇಕಾ ಇಳಿಸಬೇಕಾ."

"ಲಾಳಿ," ಎಂದಳು ಮಿಲ್ಲಮ್ಮ. ಮಗಳು ಅಂಗೈ ಕೆಳಗೆ ಮಾಡಿದಳು. ಇನ್ನೊಮ್ಮೆ ಎಂದಳು. ಇನ್ನೂ ಕೆಳಗೆ. ಇನ್ನೊಮ್ಮೆ. ಇನ್ನೂ. ಮಗಳು ಸಾಕು ಎಂದು ತಲೆಯಾಡಿಸುವ ಹೊತ್ತಿಗೆ ಮಿಲ್ಲಮ್ಮನ ಗಂಟಲ ಮೇಲಿನ ಕೈಗೆ ಏನೂ ತಾಗುತ್ತಿರಲಿಲ್ಲ. ಅದು ದನಿಯೋ ಬರೀ ಉಸಿರೋ ಅವಳಿಗೇ ತಿಳಿಯಲಿಲ್ಲ. ಲಾಳಿಯ ಕಿವಿ ಅಲುಗಲಿಲ್ಲ. ಸ್ವಲ್ಪ ಏರಿಸಿದಳು, ಇನ್ನೂ ಸ್ವಲ್ಪ. ಕಿವಿ ನೆಟ್ಟಗಾದ ಕ್ಷಣಕ್ಕೆ ಮಗಳ ಮುಖ ನೋಡಿದಳು. ಮಗಳು ಅಂಗೈ ಕೆಳಗೆ ಮಾಡಿ ಕಣ್ಣು ಮುಚ್ಚಿಕೊಂಡಿದ್ದಳು.

ಮತ್ತೆ ಇಳಿಸಿದಳು, ಮತ್ತೆ ಏರಿಸಿದಳು. ಕೆಳಮನೆಯವನು ನಿದ್ದೆ ಮಾಡಬಹುದಾದ ದನಿಗೂ ಲಾಳಿಯ ಕಿವಿ ಏಳುವ ದನಿಗೂ ನಡುವೆ ಕಾಲಿಡುವಷ್ಟು ಜಾಗ ಎಲ್ಲಾದರೂ ಇದ್ದೀತೆಂದು ಕತ್ತಲಾಗುವವರೆಗೂ ಹುಡುಕಿದಳು. ಇದ್ದಿರಲೂಬಹುದು. ಸಿಕ್ಕಿದರೂ ಮಗಳು ಎದುರಿಗಿಲ್ಲದಾಗ ಅದನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ? ಅಳಿಯ ಬಂದು, ಕಿಟಕಿಗಳನ್ನೆಲ್ಲ ಮುಚ್ಚಿ, ಪೈಪಿನ ಸಂದಿಗೆ ಹಳೆಯ ಕಂಬಳಿ ತುರುಕಿ, ಬೆವರೊರೆಸಿಕೊಂಡು, "ನೋಡೋಣ ಅತ್ತೆ," ಎಂದ. ಅವನ ತುಟಿ ಒಂದು ಹೇಳುತ್ತಿತ್ತು, ಕಣ್ಣು ಒಂದು.

ಮುಂದಿನ ವಾರ ಬೇಕರಿಯವನೇ ಮೇಲೆ ಬಂದ. ಕೈಯಲ್ಲಿ ಬನ್ನಿನ ಪೊಟ್ಟಣ. ಬಾಗಿಲಲ್ಲಿ ನಿಂತು, ಅವಳಿಗೆ ಕಾಣುವಂತೆ ನಿಧಾನವಾಗಿ ಹೇಳಿದ: "ಅಜ್ಜಿ, ನಿಮ್ಮ ಮಾತಾದ್ರೂ ವಾಸಿಯಾಗಿತ್ತು. ಅದರ ಅಳು ಕೇಳೋಕಾಗ್ತಿಲ್ಲ."

ಅವನ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಬರಲಿಲ್ಲ. ಬನ್ನು ತೆಗೆದುಕೊಂಡು, "ಕೈ ಹೇಗಿದೆಯಪ್ಪಾ?" ಎಂದು ತುಟಿಯಲ್ಲಷ್ಟೇ ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ.

ತಿಂಗಳು ಮುಗಿಯುವವರೆಗೆ ಕಾಯಲಿಲ್ಲ. ನಾಯಿಗಳ ಶೆಡ್ಡಿನ ಹೆಂಗಸು ಒಂದು ಬೆಳಗ್ಗೆ ಕೊರಳಪಟ್ಟಿ ಹಿಡಿದು ಬಂದಳು. ಮಗಳು ರಜೆ ಹಾಕಿದ್ದಳು.

"ಇಷ್ಟು ಒಳ್ಳೆ ಜಾತಿ," ಎಂದಳು ಹೆಂಗಸು ಬೇಸರದಿಂದ. "ಏನು ತೊಂದರೆ ಕೊಡ್ತು?"

ಮಗಳು ಬಾಯಿ ತೆರೆಯುವ ಮೊದಲೇ ಮಿಲ್ಲಮ್ಮ ಎದ್ದು ನಿಂತಳು. ದನಿಯನ್ನು ಏರಿಸಿದಳೋ ಇಳಿಸಿದಳೋ, ಅವಳು ಲೆಕ್ಕಕ್ಕಿಡಲಿಲ್ಲ.

"ಅವಳೇನೂ ತೊಂದರೆ ಕೊಟ್ಟಿಲ್ಲ ತಾಯಿ. ಜಾತಿ ಸರಿಯಾಗೇ ಆರಿಸಿದ್ರು. ಈ ಮನೆಗೆ ಹೊಂದದ ಜಾತಿ ನಂದು. ಏನ್ ಮಾಡ್ಲಿ, ನನ್ನ ವಾಪಸ್ ತಗೊಳ್ಳೋ ಶೆಡ್ಡು ಮುಚ್ಚಿಹೋಗಿದೆ."

ನಗಿಸಲೆಂದೇ ಹೇಳಿದ್ದಳು. ಯಾರೂ ನಗಲಿಲ್ಲ. ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು, ಭುಜ ಅಲುಗುತ್ತಿತ್ತು. ಅವಳು ಏನಾದರೂ ಹೇಳಿದಳೋ ಇಲ್ಲವೋ ಮಿಲ್ಲಮ್ಮನಿಗೆ ತಿಳಿಯಲಿಲ್ಲ.

ಲಾಳಿ ಪಟ್ಟಿಗೆ ಸುಲಭವಾಗಿ ಕೊರಳು ಕೊಟ್ಟಳು. ವಾಕಿಂಗಿಗೆ ಎಂದುಕೊಂಡಿರಬೇಕು. ಲಿಫ್ಟಿನೊಳಗೆ ಹೋಗಿ ತಿರುಗಿ ನಿಂತು, ಮಿಲ್ಲಮ್ಮ ಬರುತ್ತಿಲ್ಲವೆಂದು ಕಂಡಾಗ ಹಿಂದಕ್ಕೆ ಜಗ್ಗಿದಳು. ಬಾಗಿಲು ಎರಡೂ ಕಡೆಯಿಂದ ಬರತೊಡಗಿತು. ಸಂದಿಯಲ್ಲಿ ಕತ್ತು ಮೇಲಕ್ಕೆದ್ದದ್ದು ಕಂಡಿತು, ತುಟಿ ದುಂಡಗಾದದ್ದು ಕಂಡಿತು. ಬಾಗಿಲು ಕೂಡಿಕೊಂಡಿತು.

ಮಿಲ್ಲಮ್ಮ ಮುಂದೆ ಹೋಗಿ ಲಿಫ್ಟಿನ ಬಾಗಿಲಿಗೆ ಅಂಗೈ ಒತ್ತಿದಳು. ತಗಡು ಸಣ್ಣಗೆ ಅದುರುತ್ತಿತ್ತು. ಅದರಲ್ಲಿ ಲಿಫ್ಟಿನದು ಎಷ್ಟು, ಲಾಳಿಯದು ಎಷ್ಟು ಎಂದು ಬೇರೆ ಮಾಡಲು ನೋಡಿದಳು. ಕೆಳಗೆಲ್ಲೋ ಲಿಫ್ಟು ನಿಂತಿತು, ಅದುರುವುದೂ ನಿಂತಿತು. ಅವಳು ಕೈ ತೆಗೆಯಲಿಲ್ಲ.